ಬೂಷ್ಟು ಹಿಡಿದ ಹಳೇ ಫೋಟೋಗೆ ಗಿಂಪ್ ಮದ್ದು

ಕೊಡಗಿನ ಮಳೆಗಾಲ ಗೋಡೆ ಮೇಲಿನ ಫೋಟೋವನ್ನೂ ಬಿಡುವುದಿಲ್ಲ, ಅಲ್ವಾ? ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಕೊಡವರ ಉಡುಗೆಯಾದ ಕುಪ್ಯಚೇಲೆ ತೊಟ್ಟ ಅಜ್ಜನ ಕಪ್ಪು-ಬಿಳುಪು ಫೋಟೋ ಇದೆ. ಮುಖದ ತುಂಬ ಬೂಷ್ಟಿನ ಚುಕ್ಕಿ. ಹುತ್ತರಿಗೆ ಎಲ್ಲರೂ ಸೇರುವ ಮೊದಲು ಅದನ್ನು ಗಿಂಪ್‌ನಲ್ಲಿ ಸರಿ ಮಾಡಿದೆ. ಗಿಂಪ್ ಅಂದರೆ ಫೋಟೋ ತಿದ್ದುವ ಸಾಫ್ಟ್‌ವೇರ್, ಪೂರ್ತಿ ಉಚಿತ.

ಮೊದಲು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಲೇಯರ್‌ನ (ಚಿತ್ರ ಇರುವ ಪದರದ) ನಕಲು ಮಾಡಿಕೊಂಡು ಅದರ ಮೇಲೆಯೇ ಕೆಲಸ ಮಾಡಿ, ಅಸಲನ್ನು ಮುಟ್ಟಬೇಡಿ. ಸಣ್ಣ ಚುಕ್ಕಿಗಳಿಗೆ ಹೀಲ್ ಟೂಲ್ ಸಾಕು. ಕಂಟ್ರೋಲ್ ಒತ್ತಿ ಹತ್ತಿರದ ಚೆನ್ನಾಗಿರುವ ಜಾಗ ಕ್ಲಿಕ್ ಮಾಡಿ, ಆಮೇಲೆ ಕಲೆಯ ಮೇಲೆ ಬ್ರಷ್ ಆಡಿಸಿ. ಕಣ್ಣು, ಮೀಸೆಯ ಹತ್ತಿರ ಬ್ರಷ್ ತುಂಬಾ ಚಿಕ್ಕದಿರಲಿ. ಅವಸರ ಮಾಡಿದರೆ ಅಜ್ಜನ ಮುಖವೇ ಬೇರೆಯಾಗುತ್ತದೆ.

ದೊಡ್ಡ ಕಲೆಗೆ ಜಿ-ಮಿಕ್ ಪ್ಲಗಿನ್ (ಗಿಂಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಫ್ಟ್‌ವೇರ್) ಬೇಕು. ಇದೂ ಉಚಿತ, 500ಕ್ಕೂ ಜಾಸ್ತಿ ಫಿಲ್ಟರ್‌ಗಳಿವೆ. ಗಿಂಪ್ 2.10ಕ್ಕೆ ಬೇರೆ, 3.0ಕ್ಕೆ ಬೇರೆ ಪ್ಲಗಿನ್. ನಿಮ್ಮದು ಯಾವುದು ಎಂದು ನೋಡಿಕೊಂಡೇ ಇಳಿಸಿಕೊಳ್ಳಿ. ಹಾಳಾದ ಜಾಗಕ್ಕೆ ಅಚ್ಚ ಕೆಂಪು ಬಣ್ಣ ಬಳಿದು, ರಿಪೇರ್ ವಿಭಾಗದ ಇನ್‌ಪೇಂಟ್ ಫಿಲ್ಟರ್ ಹಾಕಿದರೆ ಸುತ್ತಲಿನ ಚಿತ್ರ ನೋಡಿ ಅದೇ ತುಂಬುತ್ತದೆ. ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದು ಇಲ್ಲೇ: ಕೆಂಪು ಬಳಿದರೆ ಬೂದು ಬರುತ್ತಿತ್ತು. ಫೋಟೋ ಬಣ್ಣವಿಲ್ಲದ ಗ್ರೇಸ್ಕೇಲ್ ಮೋಡ್‌ನಲ್ಲಿದ್ದರೆ ಹಾಗಾಗುತ್ತದೆ. ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ (ಬಣ್ಣದ ಮೋಡ್) ಮಾಡಿ, ಸರಿಹೋಗುತ್ತದೆ.

ಸೇವ್ ಮಾಡುವಾಗ ಗಿಂಪ್‌ನದೇ ಫೈಲ್ ರೂಪವಾದ ಎಕ್ಸ್‌ಸಿಎಫ್ ಪ್ರತಿಯೊಂದನ್ನು ಇಟ್ಟುಕೊಳ್ಳಿ, ಲೇಯರ್‌ಗಳು ಹಾಗೇ ಉಳಿಯುತ್ತವೆ. ಎಲ್ಲಾದರೂ ಸಿಕ್ಕಿಕೊಂಡರೆ ಸ್ಕ್ರೀನ್‌ಶಾಟ್ ಹಾಕಿ, ಖಂಡಿತ ನೋಡುತ್ತೇನೆ.