ಸೇವಂತಿಗೆಯ ಬರ: ಕುಂಡದ ತೂಕದಿಂದ ಜೀನಿನವರೆಗೆ

ನೀರಿನ ಕೊರತೆಯಾದಾಗ ಸೇವಂತಿಗೆಯ ಜೀನುಗಳಲ್ಲಿ ಏನಾಗುತ್ತದೆ ಎಂದು ಅಳೆಯಲು ನಾನು ಮೊದಲ ಪ್ರಯೋಗ ಹೂಡಿದ್ದು ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಪಾಲಿಹೌಸಿನಲ್ಲಿ, ಅದೂ ಜುಲೈ ತಿಂಗಳಲ್ಲಿ. ಅಜ್ಜಿಯ ಕಾಲದಿಂದ ಅಂಗಳದಲ್ಲಿರುವ ಸಣ್ಣೆಲೆಯ ಹಳದಿ ಸೇವಂತಿಗೆ ಮತ್ತು ನರ್ಸರಿಯಿಂದ ತಂದ ಅಗಲ ಎಲೆಯ ಬಿಳಿ ತಳಿ, ಇವೆರಡನ್ನು ಆರಿಸಿಕೊಂಡಿದ್ದೆ. ಬೀಜದ ಸಸಿಗಳಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸವಿರುವುದರಿಂದ, ತಳಿಗೊಂದರಂತೆ ತಾಯಿಗಿಡವನ್ನು ಗೊತ್ತುಮಾಡಿ ಅದರ ಕುಡಿಗಳಿಗೇ ಬೇರು ಬರಿಸಿದೆ. ನೀರು ನಿಲ್ಲಿಸಿ 8 ದಿನ ಕಾದರೂ ಎಲೆ ಬಾಡಲಿಲ್ಲ. ಜೀನು ಕೆಲಸ ಮಾಡುವಾಗ ಹೊರಡುವ ಅದರ ಪ್ರತಿಯೇ ಆರ್‌ಎನ್‌ಎ; ಅದರ ಪರೀಕ್ಷೆಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಗಾಳಿಯೇ ನೀರುಂಡು ನಿಂತಿರುವಾಗ ಎಲೆಯಿಂದ ಆವಿ ಹೋಗುವುದಾದರೂ ಎಲ್ಲಿಗೆ? ಬರವನ್ನು ದಿನಗಳಲ್ಲಿ ಎಣಿಸಿದ್ದೇ ನನ್ನ ತಪ್ಪು.

ಫೆಬ್ರವರಿಯಲ್ಲಿ ಮತ್ತೆ ಆರಂಭಿಸಿದಾಗ ದಿನವನ್ನು ಬಿಟ್ಟು ತೂಕವನ್ನು ಹಿಡಿದೆ. ಕೆಮ್ಮಣ್ಣು, ಮರಳು, ಕೋಕೋಪೀಟ್ ಸಮನಾಗಿ ತುಂಬಿದ ಕುಂಡಗಳಿಗೆ ಸಂಜೆ ತುಂಬ ನೀರುಣಿಸಿ, ರಾತ್ರಿಯಿಡೀ ಬಸಿಯಲು ಬಿಟ್ಟು, ಬೆಳಿಗ್ಗೆ ತೂಗಿ, ಒಣ ಮಿಶ್ರಣದ ತೂಕ ಕಳೆದು ಉಳಿದ ನೀರನ್ನು ಶೇ. 100 ಎಂದು ಗುರುತಿಸಿದೆ. ಆ ನೀರು ಶೇ. 70ಕ್ಕೆ ಇಳಿದಾಗ ಒಮ್ಮೆ, ಶೇ. 40ಕ್ಕೆ ಇಳಿದಾಗ ಇನ್ನೊಮ್ಮೆ ಎಲೆ ಕಿತ್ತೆ. ಅನೇಕ ಜೀನುಗಳು ಹಗಲಿರುಳಿನ ಲಯಕ್ಕೆ ತಕ್ಕಂತೆ ಏರಿಳಿಯುವುದರಿಂದ ಪ್ರತಿಸಲವೂ ಬೆಳಿಗ್ಗೆ 10 ಗಂಟೆಗೇ, ತುದಿಯಿಂದ ನಾಲ್ಕನೆಯ ಎಲೆಯನ್ನೇ ತೆಗೆದು, ಶಿವಮೊಗ್ಗದಿಂದ ತಂದಿದ್ದ ದ್ರವ ಸಾರಜನಕದಲ್ಲಿ ಕೂಡಲೇ ಮುಳುಗಿಸಿದೆ. ಸೇವಂತಿಗೆಯ ಎಲೆಯಲ್ಲಿ ಅರೆದಾಗ ಕಂದಾಗುವ ಫೀನಾಲುಗಳು ಹೆಚ್ಚು. ಕೋಶಗಳನ್ನು ಒಡೆಯುವ ಸಿಟಿಎಬಿ ದ್ರಾವಣಕ್ಕೆ ಫೀನಾಲನ್ನು ಹಿಡಿದಿಡುವ ಪಿವಿಪಿ ಬೆರೆಸಿದ ಮೇಲೆಯೇ ಕಂದು ಬಣ್ಣವಿಲ್ಲದ ಆರ್‌ಎನ್‌ಎ ದೊರೆಯಿತು.

ಅಳೆದದ್ದು ಎರಡು ಜೀನುಗಳನ್ನು. ಒಂದು ಎನ್‌ಸಿಇಡಿ, ಪತ್ರರಂಧ್ರಗಳನ್ನು ಮುಚ್ಚಿಸುವ ಅಬ್ಸಿಸಿಕ್ ಆಮ್ಲದ ತಯಾರಿಕೆಯಲ್ಲಿ ಇದರ ಕಿಣ್ವದ್ದೇ ಮುಖ್ಯ ಹಂತ. ಇನ್ನೊಂದು ಡಿಆರ್‌ಇಬಿ, ಇದರ ಪ್ರೋಟೀನು ಇತರ ಜೀನುಗಳ ಮುಂಭಾಗದಲ್ಲಿರುವ ಒಂದು ಕಿರು ಗುರುತಿಗೆ ಅಂಟಿಕೊಂಡು ಅವುಗಳನ್ನು ಎಚ್ಚರಿಸುತ್ತದೆ. ಬೆಳೆಸುವ ಸೇವಂತಿಗೆಯಲ್ಲಿ ಸಾಮಾನ್ಯವಾಗಿ ಒಂಬತ್ತರ ಆರು ಗುಂಪುಗಳಂತೆ 54 ವರ್ಣತಂತುಗಳಿದ್ದು, ಒಂದೇ ಜೀನಿಗೆ ಹೋಲುವ ಹಲವು ಪ್ರತಿಗಳಿರುವುದರಿಂದ, ಬೇಕಾದ ಜೀನನ್ನು ಹುಡುಕಿ ಹಿಡಿಯುವ ಕಿರು ಡಿಎನ್‌ಎ ತುಣುಕಿನ, ಅಂದರೆ ಪ್ರೈಮರ್‌ನ ಆಯ್ಕೆಗೆ ಬಹಳ ಸಮಯ ಹಿಡಿಯಿತು.

ಒಂದೇ ದಿನ ಕಿತ್ತ ಎಲೆಗಳನ್ನು ಹೋಲಿಸಿದಾಗ ಬಿಳಿ ತಳಿಯ ಡಿಆರ್‌ಇಬಿ ಬಹಳ ಮೇಲಿತ್ತು. ಅದನ್ನೇ ಬರ ತಾಳುವ ಗುಣವೆಂದು ಬರೆದುಬಿಡುವುದರಲ್ಲಿದ್ದೆ. ಆದರೆ ಅಗಲ ಎಲೆಯ ಆ ಗಿಡ ಬೇಗ ನೀರು ಕುಡಿದು ತನ್ನ ಕುಂಡವನ್ನು ಆಗಲೇ ಒಣಗಿಸಿಕೊಂಡಿತ್ತು. ಸಮ ತೇವದಲ್ಲಿ ಹೋಲಿಸಿದಾಗ ಆ ಅಂತರ ಬಹುಪಾಲು ಕರಗಿತು. ಉಳಿದದ್ದು ಸಮಯದ ವ್ಯತ್ಯಾಸ: ಹಳದಿಯಲ್ಲಿ ಎನ್‌ಸಿಇಡಿ ಶೇ. 70ರಲ್ಲೇ ಏರಿತ್ತು, ಉಗುರುಬಣ್ಣದಿಂದ ತೆಗೆದ ಎಲೆಯ ಅಚ್ಚಿನಲ್ಲಿ ರಂಧ್ರಗಳೂ ಕಿರಿದಾಗಿದ್ದವು. ಬಿಳಿಯಲ್ಲಿ ಅದು ಏರಿದ್ದು ಶೇ. 40ಕ್ಕೆ ಬಂದಾಗ, ಎಲೆ ಜೋತ ಮೇಲೆ. ಮತ್ತೆ ನೀರುಣಿಸಿದ ಮಾರನೆಯ ದಿನವೇ ಹಳದಿಯ ಎರಡೂ ಜೀನುಗಳು ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿದವು. ಬಿಳಿಯವು ಇಳಿಯಲು 3 ದಿನ ತೆಗೆದುಕೊಂಡವು.