ತಲೆ ಮೇಲಿನ ಫ್ಯಾನಿಗೆ ಯಾರನ್ನೂ ಕೂಗಬೇಕಿಲ್ಲ

ವಿಜಯಪುರದ ನಮ್ಮ ಕಾಕಾ ಮನೆಯಲ್ಲಿ ಕುಳಿತೇ ಕೊಲ್ಹಾರದ ಹೊಲದ ಪಂಪ್‌ಸೆಟ್ ಚಾಲೂ ಮಾಡುತ್ತಾರೆ. ಸ್ಟಾರ್ಟರ್ ಡಬ್ಬಿಯೊಳಗೆ ಸಿಮ್ ಇದೆ. ಆ ನಂಬರಿಗೆ ಫೋನ್ ಹಚ್ಚಿದರೆ ಕಬ್ಬಿಗೆ ನೀರು ಹೊರಟಂತೆ. ನಮ್ಮ ಕಡೆಯ ರೈತರಿಗೆ ಇದೇನು ಹೊಸದಲ್ಲ. ಆದರೆ ಟ್ರೇಲರ್ ಮಗುಚಿ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದ ಮೇಲೆ ಅವರು ಒಂದು ದಿನ ಅಂದರು: ‘ಹೊಲದಾಗಿನ ಮೋಟರ್ ಇಲ್ಲಿಂದ ಚಾಲೂ ಮಾಡ್ತೀನಿ. ತಲಿ ಮ್ಯಾಲಿನ ಫ್ಯಾನ್ ಹಚ್ಚಾಕ ನಿಮ್ಮ ಕಾಕೂನ್ನ ಕರೀಬೇಕು ನೋಡು.’

ಆ ಮಾತಿಗೇ ನಾವು ಸ್ಕ್ರೂಡ್ರೈವರ್ ಹಿಡಿದದ್ದು. ಏನು ಮಾಡಿದೆವು, ಎಲ್ಲಿ ದುಡ್ಡು ಹಾಳಾಯಿತು ಎರಡನ್ನೂ ಹೇಳುತ್ತೇನೆ.

ಮೊದಲು ಲೆಕ್ಕ

ಆನ್‌ಲೈನ್‌ನಲ್ಲಿ ‘ಸ್ಮಾರ್ಟ್ ಹೋಂ ಕಿಟ್’ ನೋಡುವ ಮೊದಲು ಒಂದು ನೋಟ್‌ಬುಕ್ ಇಡಿ. ಗಾಲಿಕುರ್ಚಿಯಲ್ಲಿ ಇರುವವರು ಯಾರನ್ನಾದರೂ ಕೂಗಿದಾಗಲೆಲ್ಲ ಏತಕ್ಕೆಂದು ಬರೆಯಿರಿ. ಎರಡು ದಿನ ಸಾಕು. ನಮ್ಮ ಮನೆಯ ಪಟ್ಟಿಯಲ್ಲಿ ಫ್ಯಾನ್ ಎಲ್ಲಕ್ಕಿಂತ ಮೇಲಿತ್ತು, ಆಮೇಲೆ ಬಾಗಿಲು, ಆಮೇಲೆ ನೀರಿನ ಮೋಟರ್. ಕೆಳಗೆ ಬೀಳುವ ಟಿವಿ ರಿಮೋಟ್ ಕೂಡ ಪಟ್ಟಿಯಲ್ಲಿತ್ತು. ಅದಕ್ಕೆ ಯಾವ ತಂತ್ರಜ್ಞಾನವೂ ಬೇಕಾಗಲಿಲ್ಲ, ಒಂದು ದಾರ ಹಾಕಿ ಕುರ್ಚಿಯ ಕೈಗೆ ಕಟ್ಟಿದೆವು.

ಹೊಸ್ತಿಲು ದಾಟಲಾಗದ ಮನೆಗೆ ಸ್ಮಾರ್ಟ್ ಲಾಕ್ ಹಾಕುವುದು ವ್ಯರ್ಥ. ಇಳಿಜಾರಿನ ಲೆಕ್ಕ 1:12. ಅಂದರೆ ಆರು ಇಂಚು ಎತ್ತರಕ್ಕೆ ಆರು ಅಡಿ ಉದ್ದದ ರ‍್ಯಾಂಪ್. ಮೊದಲು ಅದನ್ನು ಮುಗಿಸಿ.

ಫ್ಯಾನು, ಲೈಟು

ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಪೆಟ್ಟಾದವರಲ್ಲಿ ಬಹಳ ಮಂದಿಗೆ ಪೆಟ್ಟಿನ ಕೆಳಗೆ ಸರಿಯಾಗಿ ಬೆವರು ಬರುವುದಿಲ್ಲ. ಮೈ ತನ್ನ ಬಿಸಿಯನ್ನು ತಾನೇ ಇಳಿಸಿಕೊಳ್ಳಲಾರದು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅವರಿಗೆ ಫ್ಯಾನ್, ಕೂಲರ್ ಔಷಧಿ ಇದ್ದ ಹಾಗೆ. ಆದ್ದರಿಂದ ಮೊದಲ ಖರ್ಚು ಇಲ್ಲಿಯೇ ಆಗಲಿ.

ಎಲ್ಲಕ್ಕಿಂತ ಸುಲಭದ ದಾರಿ ರಿಮೋಟ್ ಇರುವ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್. ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಇನ್ವರ್ಟರ್ ಕೂಡ ಹೆಚ್ಚು ಹೊತ್ತು ತಡೆಯುತ್ತದೆ. ಗೋಡೆಯ ರೆಗ್ಯುಲೇಟರ್ ಮಾತ್ರ ತೆಗೆಸಿ, ಅದರ ಜೊತೆ ಈ ಫ್ಯಾನ್ ಕೂಡಿ ಬಾಳುವುದಿಲ್ಲ.

ಲೈಟಿನ ವಿಷಯದಲ್ಲಿ ನಾವು ಎಡವಿದೆವು. ಆಸೆಪಟ್ಟು ಸ್ಮಾರ್ಟ್ ಬಲ್ಬ್ ತಂದೆವು. ರಾತ್ರಿ ಕಾಕು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಬಂದ್ ಮಾಡಿ ಮಲಗಿದರು. ಕರೆಂಟೇ ಸಿಗದ ಬಲ್ಬಿಗೆ ಕಾಕಾ ಫೋನಿನಿಂದ ಎಷ್ಟು ಹೇಳಿದರೂ ಅದು ಕೇಳಲಿಲ್ಲ. ಬಲ್ಬು ಬೇಡ, ಸ್ವಿಚ್‌ಬೋರ್ಡ್ ಹಿಂದೆ ಕೂತು ಫೋನಿನ ಮಾತು ಕೇಳುವ ಚಿಕ್ಕ ಮಾಡ್ಯೂಲ್ ಹಾಕಿಸಿ. ಗೋಡೆಯ ಸ್ವಿಚ್ಚೂ ಕೆಲಸ ಮಾಡುತ್ತದೆ, ಫೋನೂ ಮಾಡುತ್ತದೆ, ಜಗಳ ಇಲ್ಲ. ಇಂಥ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಬೇಕು. ಹಳೆಯ ಮನೆಗಳಲ್ಲಿ ಪ್ಲಗ್ ಇರುವ ಬೋರ್ಡಿಗೆ ಅದು ಬಂದಿರುತ್ತದೆ, ಬರೀ ಸ್ವಿಚ್ ಇರುವ ಬೋರ್ಡಿಗೆ ಬಂದಿರದೆ ಇರಬಹುದು. ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಆರ್ಡರ್ ಮಾಡಿ.

ಇನ್ನೊಂದು ತಲೆನೋವು ವೈಫೈ. ಈ ಸಲಕರಣೆಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಕೂಡುತ್ತವೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದು ಜೋಡಣೆ ಆಗದಿದ್ದರೆ ಮಾಲು ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ನಳಾ ಬಂದ ದಿನ

ನಳಾ ಬಂದಾಗ ಸಂಪು ತುಂಬಬೇಕು, ಸಂಪಿನಿಂದ ಮೇಲಿನ ಟಾಕಿಗೆ ಏರಿಸಬೇಕು, ತುಂಬಿ ಹರಿಯುವ ಮೊದಲು ಬಂದ್ ಮಾಡಬೇಕು. ನಡೆಯುವವರಿಗೇ ಇದು ಓಡಾಟದ ಕೆಲಸ.

ಸಾವಿರ ರೂಪಾಯಿ ಆಸುಪಾಸಿನ ಸ್ಮಾರ್ಟ್ ಪ್ಲಗ್‌ಗೆ ಮೋಟರ್ ಚುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಚುಚ್ಚಬೇಡಿ. ಮೋಟರ್ ಚಾಲೂ ಆಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಪ್ಲಗ್‌ನೊಳಗಿನ ಚಿಕ್ಕ ಸ್ವಿಚ್ಚಾದ ರಿಲೇಯ ಲೋಹದ ತುದಿಗಳು ಕಾದು ಒಂದಕ್ಕೊಂದು ಅಂಟಿಕೊಂಡರೆ ಫೋನಿನಲ್ಲಿ ‘ಆಫ್’ ಎಂದು ಕಾಣುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ನಡುವೆ ಒಂದು ಕಾಂಟ್ಯಾಕ್ಟರ್ (ಭಾರಿ ಕರೆಂಟ್ ತಡೆಯುವ ಸ್ವಿಚ್) ಹಾಕಿಸಿ. ಸ್ಮಾರ್ಟ್ ಸ್ವಿಚ್ ಕಾಂಟ್ಯಾಕ್ಟರಿಗೆ ಹೇಳುತ್ತದೆ, ಮೋಟರಿನ ಭಾರ ಕಾಂಟ್ಯಾಕ್ಟರ್ ಹೊರುತ್ತದೆ. ಟಾಕಿಯಲ್ಲಿ ಫ್ಲೋಟ್ ಸ್ವಿಚ್ ಇಳಿಬಿಟ್ಟರೆ ತುಂಬಿದ ಕೂಡಲೇ ತಾನಾಗಿ ನಿಲ್ಲುತ್ತದೆ, ಯಾರೂ ಕಾಯಬೇಕಿಲ್ಲ. ಗೀಸರಿಗೆ 16 ಆಂಪಿಯರ್ ಪ್ಲಗ್‌ಗಿಂತ ಕಡಿಮೆಯದು ಬೇಡ.

ಬಾಗಿಲು

ಜಾಹೀರಾತಿನಲ್ಲಿ ಮಿಂಚುವ ಸ್ಮಾರ್ಟ್ ಲಾಕ್‌ಗಳು ಒಂದೇ ಪಡಕಿನ (ಕದದ) ಫ್ಲ್ಯಾಟ್ ಬಾಗಿಲಿಗೆ ಹೇಳಿ ಮಾಡಿಸಿದವು. ನಮ್ಮದು ಎರಡು ಪಡಕಿನ ಸಾಗವಾನಿ ಬಾಗಿಲು, ಚಿಲಕ ಮೇಲೆ ಚೌಕಟ್ಟಿನ ಹತ್ತಿರ. ಒಂದು ಪಡಕನ್ನು ಕೆಳಗೆ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿ, ಇನ್ನೊಂದಕ್ಕೆ 12 ವೋಲ್ಟಿನ ಎಲೆಕ್ಟ್ರಿಕ್ ರಿಮ್ ಲಾಕ್ (ಪಡಕಿನ ಮೇಲೆಯೇ ಕೂರುವ ಬೀಗ) ಹಾಕಿಸಿದೆವು. ಗುಂಡಿ ಒತ್ತಿದರೆ ಬಾಗಿಲು ಸಡಿಲವಾಗುತ್ತದೆ, ಹೊರಗಿನಿಂದ ಕೀಲಿಯೂ ನಡೆಯುತ್ತದೆ. ಆದರೆ ತೆರೆದ ಒಂದು ಪಡಕಿನಲ್ಲಿ ಕುರ್ಚಿ ಹಿಡಿಸುತ್ತದೆಯೇ ಎಂದು ಮೊದಲೇ ಟೇಪ್ ಹಿಡಿದು ಅಳೆಯಿರಿ. ನಮ್ಮಲ್ಲಿ ಹಿಡಿಸುವುದಿಲ್ಲ. ಬಂದವರನ್ನು ಒಳಗೆ ಕರೆಯಲು ಅಷ್ಟು ಸಾಕು, ಕಾಕಾ ಹೊರಗೆ ಹೋಗುವಾಗ ಎರಡೂ ಪಡಕು ತೆಗೆಯಬೇಕು.

ವಿಡಿಯೊ ಡೋರ್‌ಫೋನ್ ಕೂರಿಸಲು ಬಂದ ಹುಡುಗ ಪರದೆಯನ್ನು ಐದು ಅಡಿ ಎತ್ತರಕ್ಕೆ ಹೊಡೆದು ಹೋಗಿದ್ದ. ಕಾಕಾಗೆ ಕಾಣುತ್ತಿದ್ದದ್ದು ಅದರ ಕೆಳ ಅಂಚು ಮಾತ್ರ! ನೆಲದಿಂದ ಮೂರೂವರೆ, ನಾಲ್ಕು ಅಡಿಯೊಳಗೆ ಇರಲಿ ಎಂದು ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಡಿ.

ದೀಪಾ, ಗಂಗಾ

ಬಾಯಲ್ಲಿ ಹೇಳಿದರೆ ಲೈಟು, ಮೋಟರು ನಡೆಸುವ ನಮ್ಮ ಅಲೆಕ್ಸಾ ಸ್ಪೀಕರಿಗೆ ಇಂಗ್ಲಿಷ್, ಹಿಂದಿ ಬರುತ್ತದೆ, ಕನ್ನಡ ಬರುವುದಿಲ್ಲ. ಸಲಕರಣೆಗೆ ಹೆಸರಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ‘ಬೆಡ್‌ರೂಮ್ ಲೈಟ್ ಒನ್’ ಎನ್ನಲು ಕಾಕಾನ ನಾಲಿಗೆ ತೊಡರುತ್ತಿತ್ತು. ಲೈಟಿಗೆ ದೀಪಾ, ಮೋಟರಿಗೆ ಗಂಗಾ ಎಂದು ಹೆಸರಿಟ್ಟೆವು. ಈ ಹೆಸರುಗಳು ಅದಕ್ಕೂ ಚೆನ್ನಾಗಿ ತಿಳಿಯುತ್ತವೆ. ‘ಗಂಗಾ ಆನ್’ ಅಂದರೆ ನೀರು ಏರುತ್ತದೆ. ಪಕ್ಕದ ಮನೆಯಲ್ಲಿ ನಿಜವಾಗಿಯೂ ಒಬ್ಬ ಗಂಗಾ ಇದ್ದಾಳೆ, ಅದು ಬೇರೆ ಮಾತು.

ಕರೆಂಟು, ನೆಟ್ಟು ಹೋದಾಗ

ರೂಟರಿಗೆ ಒಂದು ಮಿನಿ ಯುಪಿಎಸ್ ಕೊಡಿ, ರಿಮ್ ಲಾಕಿನ ಸಪ್ಲೈಗೆ ಬ್ಯಾಟರಿ ಕೊಡಿ. ರೂಟರಿನ ಸ್ವಿಚ್ ಮೇಲೆ ಟೇಪ್ ಅಂಟಿಸಿ (ಮತ್ತೆ ಕಾಕು). ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಧ್ವನಿಗೆ ಯಾವುದೂ ಕೇಳುವುದಿಲ್ಲ, ಆದ್ದರಿಂದ ಮುಖ್ಯವಾದ ಎರಡು ಸ್ವಿಚ್‌ಗಳನ್ನಾದರೂ ಕುಳಿತವರ ಕೈಗೆ ಎಟಕುವ ಎತ್ತರಕ್ಕೆ ಇಳಿಸಿ.

ಬಚ್ಚಲಿಗೆ ವೈಫೈ ನೆಚ್ಚಬೇಡಿ. ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ತಂದು, ಗುಂಡಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ. ಕುರ್ಚಿಯಿಂದ ಜಾರಿ ಬಿದ್ದವರ ಕೈ ಸಿಗುವುದು ಅಲ್ಲಿಗೇ. ಗಂಟೆ ಪಕ್ಕದ ಮನೆಯಲ್ಲಿರಲಿ, ಜೊತೆಗೆ ಬಾಗಿಲಿನ ಒಂದು ಕೀಲಿಯೂ. ತುರ್ತಿದ್ದರೆ 112.

ಆ್ಯಪ್ ಯಾರ ಫೋನಿನಲ್ಲಿ?

ಇದನ್ನು ನಾವು ಕಡೆಗೆ ಮಾಡಿದೆವು, ನೀವು ಮೊದಲೇ ಮಾಡಿ. ಪುಣೆಯಲ್ಲಿರುವ ನನ್ನ ತಮ್ಮ ಎಲ್ಲವನ್ನೂ ತನ್ನ ಖಾತೆಯಲ್ಲೇ ಜೋಡಿಸಿ ಹೋಗಿದ್ದ. ಒಂದು ದಿನ ಅವನು ಪಾಸ್‌ವರ್ಡ್ ಬದಲಿಸಿದ, ಇಲ್ಲಿ ಕಾಕಾನ ಫೋನು ಮೂಕಾಯಿತು. ‘ನನ್ನ ಮನಿ ದೀಪದ ಕೀಲಿ ಪುಣೆದಾಗ ಐತೇನು?’ ಎಂದು ಕೇಳಿದರು. ಅವನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಬಿಚ್ಚಿ, ಕಾಕಾನ ನಂಬರಿನ ಮೇಲೆ ಖಾತೆ ತೆಗೆದು ಮತ್ತೆ ಜೋಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಈಗ ಕಾಕಾ ಮಾಲೀಕ, ಉಳಿದವರು ಅವರು ಕಳಿಸಿದ ಆಮಂತ್ರಣದ ಮೇಲೆ ಸೇರಿದವರು. ಕಾಕು ಮಾತ್ರ ಇನ್ನೂ ಸೇರಿಲ್ಲ, ಅವರಿಗೆ ಗೋಡೆಯ ಸ್ವಿಚ್ಚೇ ಬೇಕಂತೆ.