ಬೌಲರ್ ಸಿಗುವುದು ಫೈನಲ್ ದಿನ ಅಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ರಿಕೆಟ್ ಬೌಲರ್‌ಗಳ ಕತೆ ಅಲ್ಲ. "ಬೌಲರ್ ಹತ್ತಿರ ಸಹಿ ಹಾಕಿಸಿಕೊಂಡೆ" ಅಂತ ಫೋನಿನಲ್ಲಿ ಹೇಳಿದಾಗ ನಮ್ಮಪ್ಪ ಕೇಳಿದ್ದು, "ಯಾವ ಟೀಮು? ಫಾಸ್ಟಾ, ಸ್ಪಿನ್ನಾ?" ನಾನು ಹೇಳುತ್ತಿರುವುದು ಹತ್ತು ಪಿನ್ ಉರುಳಿಸುವ ಬೌಲಿಂಗ್. ಅಮೆರಿಕದಲ್ಲಿ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಿದ್ದಾರೆ. ಅವರ ಸಂಘ ಪಿಬಿಎ, ಅಂದರೆ ಪ್ರೊಫೆಷನಲ್ ಬೌಲರ್ಸ್ ಅಸೋಸಿಯೇಷನ್. 1958ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಎಡ್ಡಿ ಎಲಿಯಾಸ್ ಎಂಬ ವಕೀಲರು 33 ಜನ ಬೌಲರ್‌ಗಳನ್ನು ಸೇರಿಸಿ ಶುರು ಮಾಡಿದ್ದು. ಈಗಲೂ ಅದರ ಟೂರ್, ಅಂದರೆ ಟೂರ್ನಿಗಳ ಸರಣಿ, ಊರಿಂದ ಊರಿಗೆ ಸುತ್ತುತ್ತದೆ.

ನಾನು ಮಿಷಿಗನ್‌ನಲ್ಲಿ ವಾರಕ್ಕೊಮ್ಮೆ ಲೀಗ್ ಆಡುವವನು. ಗೇಮಿಗೆ ಸರಾಸರಿ ಸ್ಕೋರ್ 150ರ ಆಸುಪಾಸು. ಅಂದರೆ ತೀರಾ ಕೆಟ್ಟದ್ದಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ.

ಮೊದಲ ಸಲ ಟೂರ್ ನೋಡಲು ಹೋದಾಗ ಎಲ್ಲರಂತೆ ಟಿವಿ ಫೈನಲ್‌ಗೆ ಟಿಕೆಟ್ ತೆಗೆದುಕೊಂಡೆ. ದೊಡ್ಡ ದೀಪಗಳು, ಕ್ಯಾಮೆರಾ, ಚಪ್ಪಾಳೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಆಡಿದವರು ಬೆರಳೆಣಿಕೆಯಷ್ಟು ಜನ. ಆಟ ಮುಗಿದ ಕೂಡಲೇ ಅವರ ಸುತ್ತ ಸಂದರ್ಶನದವರು, ಮೈಕು. ಯಾರನ್ನೂ ಮಾತಾಡಿಸದೆ ಮನೆಗೆ ಬಂದೆ. ಕೈಯಲ್ಲಿದ್ದ ಮಾರ್ಕರ್ ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ.

ದಾರಿ ತೋರಿಸಿದ್ದು ಆ ದಿನ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜ. ಅವರಿಗೆ ಟೂರ್ ಅಂದರೆ ಪ್ರಾಣ. ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಗೆದ್ದ 47 ಟೈಟಲ್‌ಗಳ ಬಗ್ಗೆ ಶುರು ಮಾಡಿದರೆ ನಿಲ್ಲಿಸುವವರೇ ಅಲ್ಲ. ಆ ವಾಲ್ಟರ್ ರೇ ಕುದುರೆ ಲಾಳ ಎಸೆಯುವ ಆಟದಲ್ಲೂ ವಿಶ್ವ ಚಾಂಪಿಯನ್ ಆಗಿದ್ದವರು, ಗೊತ್ತಾ? ನನಗೆ ಗೊತ್ತಿರಲಿಲ್ಲ. ಅಜ್ಜ ನನ್ನ ಪೆದ್ದುತನ ಕಂಡು ನಕ್ಕು, "ಫೈನಲ್‌ಗೆ ಯಾಕೆ ಬರ್ತೀಯಪ್ಪ? ಅರ್ಹತಾ ಸುತ್ತಿಗೆ ಬಾ, ಬೆಳಿಗ್ಗೆ ಬಾ" ಎಂದರು.

ಹಾಗಾಗಿ ಮುಂದಿನ ಸಲ ಡೆಟ್ರಾಯಿಟ್ ಪಕ್ಕದ ಆಲೆನ್ ಪಾರ್ಕ್‌ಗೆ, ಥಂಡರ್‌ಬೌಲ್ ಲೇನ್ಸ್‌ಗೆ ಹೋದೆ. 2009ರಲ್ಲಿ ಮೊದಲ ವರ್ಲ್ಡ್ ಸೀರೀಸ್ ಆಫ್ ಬೌಲಿಂಗ್ ನಡೆದದ್ದು ಇಲ್ಲೇ. ಚೆಂಡು ಉರುಳಿಸುವ ಉದ್ದನೆಯ ಓಣಿಗೆ ಲೇನ್ ಅನ್ನುತ್ತಾರೆ, ಅಂಥ 90 ಲೇನ್‌ಗಳ ದೊಡ್ಡ ಜಾಗ. ಬಾಗಿಲು ದಾಟಿದರೆ ಟಿವಿಯಲ್ಲಿ ನೋಡಿದ ಮುಖಗಳೆಲ್ಲ ಸಾಲಾಗಿ ಆಡುತ್ತಿವೆ. ಚಕ್ರದ ಬ್ಯಾಗ್‌ಗಳನ್ನು ತಾವೇ ಎಳೆದುಕೊಂಡು ಬರುತ್ತಾರೆ. ಪಿನ್ ಸದ್ದು ಸೋನೆ ಮಳೆ ಹಾಗೆ, ನಿಲ್ಲುವುದೇ ಇಲ್ಲ. ನಾನು ನಿಂತ ಜಾಗಕ್ಕೂ ಆಟಗಾರರಿಗೂ ನಡುವೆ ಕೆಲವೇ ಹೆಜ್ಜೆ. ಬೇರೆ ಯಾವ ಆಟದಲ್ಲಿ ಇಷ್ಟು ಹತ್ತಿರ ಬಿಡುತ್ತಾರೆ ಹೇಳಿ?

ಅಲ್ಲೇ ಎಡವಿದೆ. ನನಗಿಷ್ಟವಾದ ಬೌಲರ್ ಒಂದು ಸ್ಪೇರ್ ತಪ್ಪಿಸಿ, ಅಂದರೆ ಮೊದಲ ಎಸೆತಕ್ಕೆ ಉಳಿದ ಪಿನ್‌ಗಳನ್ನು ಎರಡನೆಯದರಲ್ಲೂ ಪೂರ್ತಿ ಉರುಳಿಸಲಾಗದೆ, ಹಿಂದಕ್ಕೆ ಬಂದು ಕೂತರು. ಹತ್ತಿರ ಇದ್ದಾರಲ್ಲ ಅಂತ "ಒಂದು ಫೋಟೊ?" ಎಂದು ಬಾಗಿದೆ. ಅವರು ಸಿಟ್ಟಾಗಲಿಲ್ಲ. ಟವಲ್‌ನಿಂದ ಚೆಂಡು ಒರೆಸುತ್ತಾ, "ಇದು ಮುಗಿಯಲಿ" ಅಂದರು, ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನಗೆ ಅದು ಸುಮ್ನೆ ಒಂದು ಬೆಳಗ್ಗೆ. ಅವರಿಗೆ ಮುಂದಿನ ಸುತ್ತಿಗೆ ಹೋಗುವುದೋ, ಬರಿಗೈಲಿ ಕಾರು ಹತ್ತುವುದೋ ಅನ್ನುವ ಲೆಕ್ಕ. ಒಂದೊಂದು ಪಿನ್ ಆ ಲೆಕ್ಕದಲ್ಲಿ ಬರುತ್ತದೆ.

ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಹಿಂದೆಯೇ ಹೋದೆ. ಒಂದು ಗೇಮ್ ಮುಗಿದರೆ ಆಟಗಾರರು ಬೇರೆ ಜೋಡಿ ಲೇನ್‌ಗೆ ಹೋಗುತ್ತಾರೆ. ನೋಡುವವರೂ ನಡೆಯಬೇಕು. ಕುರ್ಚಿ ಹಿಡಿದು ಕೂರುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ನಡೆದದ್ದಕ್ಕೆ ಕೂಲಿ ಸಿಕ್ಕಿತು. ಅವರು ಗೇಮ್ ಕಳೆದಂತೆ ನಿಲ್ಲುವ ಜಾಗವನ್ನು ಎಡಕ್ಕೆ ಎಡಕ್ಕೆ ಸರಿಸುತ್ತಿದ್ದರು. ಲೇನ್ ಮೇಲೆ ಎಣ್ಣೆ ಹಚ್ಚಿರುತ್ತಾರೆ. ಚೆಂಡುಗಳು ಉರುಳಿ ಉರುಳಿ ಅದನ್ನು ಒರೆಸಿಕೊಂಡು ಹೋಗುತ್ತವೆ. ಎಣ್ಣೆ ಒಣಗಿದಲ್ಲಿ ಚೆಂಡು ಬೇಗ ತಿರುಗುತ್ತದೆ. ನಮ್ಮ ಲೀಗ್‌ನಲ್ಲಿ ಎಣ್ಣೆ ನಡುವೆ ಜಾಸ್ತಿ, ಅಂಚಿನಲ್ಲಿ ಕಮ್ಮಿ, ಹಾಗಾಗಿ ಸ್ವಲ್ಪ ತಪ್ಪಿದರೂ ಲೇನೇ ಕೈ ಹಿಡಿಯುತ್ತದೆ. ಟೂರ್‌ನಲ್ಲಿ ಆ ದಯೆ ಇಲ್ಲ. ಎಣ್ಣೆಯ ಕೆಲವು ವಿನ್ಯಾಸಗಳಿಗೆ ಚೀತಾ, ಶಾರ್ಕ್ ಅಂತ ಪ್ರಾಣಿಗಳ ಹೆಸರು. ಚೀತಾದಲ್ಲಿ ಎಣ್ಣೆ ಹಚ್ಚಿದ ಭಾಗ ಗಿಡ್ಡ, ಶಾರ್ಕ್‌ನಲ್ಲಿ ಉದ್ದ.

ಆ ಸುತ್ತು ಮುಗಿದ ಮೇಲೆ ಅವರು ಬ್ಯಾಗ್ ತುಂಬಿಕೊಳ್ಳುತ್ತಿದ್ದರು. ಸ್ಕೋರ್ ನೋಡಿ ಮುಖ ಸಡಿಲವಾಗುವವರೆಗೆ ಕಾದೆ. ಈ ಸಲ ಫೋಟೊ ಕೇಳಲಿಲ್ಲ. "ನಾಲ್ಕನೇ ಗೇಮ್‌ನಲ್ಲಿ ಚೆಂಡು ಯಾಕೆ ಬದಲಿಸಿದ್ರಿ?" ಅಂದೆ. ಅವರ ಕಣ್ಣು ಅರಳಿತು. ಎರಡು ಚೆಂಡು ಹೊರಗೆ ತೆಗೆದು ನನ್ನ ಕೈಗಿಟ್ಟರು. ಒಂದು ನುಣುಪು, ಇನ್ನೊಂದು ಉಜ್ಜಿ ಒರಟು ಮಾಡಿದ್ದು. ಆಟ ಶುರುವಾದ ಮೇಲೆ ಹಾಗೆ ಉಜ್ಜಲು ನಿಯಮ ಬಿಡುವುದಿಲ್ಲ, ಅದಕ್ಕೇ ಇಷ್ಟೊಂದು ಚೆಂಡು ಹೊತ್ತು ತಿರುಗುವುದು ಎಂದರು. ಹತ್ತು ನಿಮಿಷ ಮಾತಾಡಿದೆವು. ಹೊರಡುವಾಗ ನಾನು ಕೈ ಚಾಚಿದೆ, ಅವರು ಮುಷ್ಟಿ ಮುಂದಿಟ್ಟರು. ಹೆಬ್ಬೆರಳಿಗೆ ಟೇಪ್ ಸುತ್ತಿತ್ತು, ಪಕ್ಕದ ಚರ್ಮ ಗಟ್ಟಿ ಕಟ್ಟಿತ್ತು. ಫೋಟೊ ತೆಗೆಯೋಣ ಅಂತ ಅವರೇ ಹೇಳಿದರು.

ಇನ್ನೊಂದು ದಾರಿ ಪ್ರೊ-ಆಮ್. ದುಡ್ಡು ಕಟ್ಟಿ ಪ್ರೊಗಳ, ಅಂದರೆ ವೃತ್ತಿಪರ ಬೌಲರ್‌ಗಳ, ಜೊತೆಗೇ ಆಡುವುದು. ನಾನು ಆಡಿದ್ದರಲ್ಲಿ ಮೂರು ಗೇಮ್, ಗೇಮಿಗೊಬ್ಬ ಪ್ರೊ. ನಾಚಿಕೆ ಇರುವವರಿಗೆ ಇದೇ ಸುಲಭ, ಮಾತಿಗೆ ನೆಪ ಹುಡುಕಬೇಕಿಲ್ಲ. ನನ್ನ ಲೇನ್‌ನಲ್ಲಿ ಒಬ್ಬ ಹುಡುಗ ಟೂರ್‌ನ ಬೌಲರ್ ಜೇಸನ್ ಬೆಲ್ಮಾಂಟಿ ಹಾಗೆ ಹೆಬ್ಬೆರಳು ಹಾಕದೆ ಎರಡೂ ಕೈಯಲ್ಲಿ ಎಸೆಯುತ್ತಿದ್ದ. ಈಗ ಮಕ್ಕಳೆಲ್ಲ ಹಾಗೇ. 15 ಮೇಜರ್, ಅಂದರೆ ಟೂರ್‌ನ ದೊಡ್ಡ ಟೂರ್ನಿ, ಗೆದ್ದವರನ್ನು ನೋಡಿ ಕಲಿಯುವುದು ತಪ್ಪೇನಲ್ಲ. ನನ್ನ ಸೊಂಟಕ್ಕೆ ಮಾತ್ರ ಅದು ಆಗದ ಮಾತು.

ಎರಡನೇ ಗೇಮಿಗೆ ಬಂದ ಪ್ರೊ ನಾನು ಒಂದು ಸ್ಟ್ರೈಕ್ ಹೊಡೆದ ಕೂಡಲೇ, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಉರುಳಿಸಿದ ಕೂಡಲೇ, "ಎಲ್ಲಿ ನಿಂತಿದ್ರಿ?" ಎಂದರು.

"ಇಲ್ಲೇ."

"ಇಲ್ಲೇ ಅಂದ್ರೆ ಎಷ್ಟನೇ ಪಟ್ಟಿ?"

ಲೇನ್ ಅಗಲಕ್ಕೆ 39 ಪಟ್ಟಿ ಇರುತ್ತವೆ ಅಂತ ಓದಿದ್ದೆ. ನನ್ನ ಕಾಲು ಯಾವುದರ ಮೇಲಿದೆ ಅಂತ ಆರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವರು ಪಕ್ಕ ಬಂದು ನನ್ನ ಎಡಗಾಲಿನ ಬೂಟು ನೋಡಿದರು. 22. ಮುಂದಿನ ಚೆಂಡನ್ನು ಅಲ್ಲಿಂದಲೇ ಹಾಕಿಸಿದರು. ಪಿನ್ 60 ಅಡಿ ದೂರ, ಅದನ್ನು ದಿಟ್ಟಿಸಬೇಡಿ, ಸುಮಾರು 15 ಅಡಿಯಲ್ಲಿರುವ ಬಾಣದ ಗುರುತು ನೋಡಿ ಅಂದರು. ಮೂರು ಚೆಂಡಿನಲ್ಲಿ ಎರಡು ಸ್ಟ್ರೈಕ್. ಮೂರನೆಯದು ಗಟರ್‌ಗೆ, ಅಂದರೆ ಲೇನ್ ಪಕ್ಕದ ಕಾಲುವೆಗೆ, ಹೋಯಿತು, ಅದನ್ನು ಬಿಡಿ.

ಸಹಿಗೆ ಹಳೇ ಪಿನ್ ಒಯ್ದಿದ್ದೆ. ಅದರ ಮೈ ನುಣುಪು, ಶಾಯಿ ಒಣಗುವ ಮೊದಲೇ ಮುಟ್ಟಿದರೆ ಅಳಿಸುತ್ತದೆ. ಮೊದಲನೇ ಸಹಿ ನನ್ನ ಹೆಬ್ಬೆರಳಿಗೇ ಅಂಟಿತು. ಈ ಪ್ರೊ ಸಹಿ ಹಾಕಿ, ಕೆಳಗೆ 22 ಅಂತ ಬರೆದರು. ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೂರನೇ ಗೇಮ್‌ಗೆ ನನ್ನ ಸರದಿ ಬರುವವರೆಗೂ ಕೂತಿದ್ದೆ.